ಆ ಮರದ ಗುಂಡಿ ಶೋಕಿಗಲ್ಲ!

ಎಲ್ಲರಿಗೂ ನಮಸ್ಕಾರ. ಹೋದ ವಾರದ ವಿಡಿಯೋದಲ್ಲಿ ನಾನು ಡಫಲ್ ಕೋಟ್ ಹಾಕಿಕೊಂಡಿದ್ದೆ. ದಪ್ಪ ಉಣ್ಣೆಯದು, ತಲೆ ಮುಚ್ಚುವ ಹುಡ್ ಇರುವುದು, ಮುಂದೆ ಮರದ ಗುಂಡಿ. ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಆ ಮರದ ಗುಂಡಿಯೆಲ್ಲ ಬರೀ ಶೋಕಿಗೆ. ಒಂದು ಜಿಪ್ ಹಾಕಿದ್ದರೆ ಸಾಕಿತ್ತು." ಓದಿ ಮೈ ಉರಿದುಹೋಯಿತು.

ಶೋಕಿಗಾ? ಇಲ್ಲಿ ನೋಡಿ, ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ. ಅರ್ಧ ಬೆರಳುದ್ದದ ಮರದ ತುಂಡು. ಈ ಕಡೆ ಹಗ್ಗದ ಕುಣಿಕೆ. ಈಗ ದಪ್ಪ ಉಣ್ಣೆ ಗ್ಲೌಸ್ ಹಾಕಿಕೊಂಡೆ. ತೂರಿಸಿದೆ, ಅಡ್ಡ ತಿರುಗಿತು, ಕೂತಿತು. ಕಣ್ಣು ಮುಚ್ಚಿಕೊಂಡೂ ಹಾಕಬಹುದು. ಇದೇ ಗ್ಲೌಸ್‌ನಲ್ಲಿ ಶರ್ಟಿನ ಗುಂಡಿ ಹಾಕಿ ನೋಡಿ. ಆಗುವುದೇ ಇಲ್ಲ.

ಬ್ರಿಟಿಷ್ ನೌಕಾಪಡೆ ನಾವಿಕರಿಗೆ ಈ ಕೋಟ್ ಕೊಟ್ಟಿತ್ತು. ಎರಡನೇ ಮಹಾಯುದ್ಧ, ಉತ್ತರ ಅಟ್ಲಾಂಟಿಕ್, ತೆರೆದ ಡೆಕ್ ಮೇಲೆ ರಾತ್ರಿ ಕಾವಲು. ಗ್ಲೌಸ್ ತೆಗೆದರೆ ಬೆರಳು ಹೋಯಿತು ಅಂತಲೇ ಲೆಕ್ಕ. ಹುಡ್ ಇಷ್ಟು ದೊಡ್ಡದು ಯಾಕೆ? ತಲೆಯ ಮೇಲಿನ ನೌಕಾಪಡೆ ಟೋಪಿ ಸಮೇತ ಮುಚ್ಚಿಕೊಳ್ಳಲು. ಭುಜದ ಮೇಲೆ ಇನ್ನೊಂದು ಪದರ ಬಟ್ಟೆ ಯಾಕೆ? ನೀರು ಮೊದಲು ಬೀಳುವುದೇ ಅಲ್ಲಿ. ಇದರಲ್ಲಿ ಶೋಕಿ ಎಲ್ಲಿದೆ, ನೀವೇ ಹೇಳಿ!

ಬೆಲ್ಜಿಯಂನಲ್ಲಿ ಆಂಟ್‌ವರ್ಪ್ ಹತ್ತಿರ ಡಫಲ್ ಅಂತ ಒಂದು ಊರಿದೆ. ಅಲ್ಲಿ ನೇಯುತ್ತಿದ್ದ ಒರಟು ಉಣ್ಣೆ ಬಟ್ಟೆಗೆ ಊರಿನ ಹೆಸರೇ ಬಂತು. ನಮ್ಮಜ್ಜ ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು. ಈ ಬಟ್ಟೆ ಮುಟ್ಟಿದ್ದರೆ ಸಾಕು, ಒಪ್ಪಿಬಿಡುತ್ತಿದ್ದರು.

ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಫೀಲ್ಡ್ ಮಾರ್ಷಲ್ ಮಾಂಟ್ಗೊಮರಿ ಇದನ್ನು ಹಾಕಿಕೊಂಡು ಓಡಾಡಿದರು. ಇಟಲಿಯವರು ಈ ಕೋಟಿಗೆ ಇವತ್ತಿಗೂ ಅವರ ಹೆಸರನ್ನೇ ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಮಿಕ್ಕಿದ ಕೋಟುಗಳು ಅಗ್ಗವಾಗಿ ಮಾರಾಟಕ್ಕೆ ಬಂದವು. ಹೆರಾಲ್ಡ್ ಮತ್ತು ಫ್ರೀಡಾ ಮಾರಿಸ್ ದಂಪತಿ ಅವನ್ನು ಮಾರಿದರು, ಆಮೇಲೆ ಗ್ಲವರಾಲ್ ಹೆಸರಿನಲ್ಲಿ ತಾವೇ ಹೊಲಿಸಿದರು. ಕಾಲೇಜು ಹುಡುಗರು ಮುಗಿಬಿದ್ದರು. 1958ರಲ್ಲಿ ಅಣುಬಾಂಬ್ ಬೇಡ ಅಂತ ಲಂಡನ್‌ನಿಂದ ಅಣ್ವಸ್ತ್ರ ಕೇಂದ್ರವಿದ್ದ ಆಲ್ಡರ್‌ಮಾಸ್ಟನ್‌ಗೆ ನಡೆದವರ ಮೈಮೇಲೂ ಇದೇ ಕೋಟ್. ಯುದ್ಧದ ಬಟ್ಟೆ ಹಾಕಿಕೊಂಡೇ ಬಾಂಬ್ ಬೇಡ ಅಂದರಲ್ಲ, ನನಗೆ ಅದು ತುಂಬಾ ಇಷ್ಟ.

"ಉಬ್ಬುಬ್ಬಿದ ಪಫರ್ ಜಾಕೆಟ್ ಹಗುರ ಅಲ್ವಾ" ಅನ್ನುತ್ತೀರಿ. ಹಗುರ ಇದ್ದರೆ ಇರಲಿ! ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಜನವರಿಯ ಚಳಿಯಲ್ಲಿ, ಬಸ್‌ಸ್ಟಾಪಲ್ಲಿ ನಿಂತಿದ್ದಾಗ ನನ್ನ ಹಳೇ ಜಾಕೆಟ್ಟಿನ ಜಿಪ್ ಕೈಗೇ ಕಿತ್ತುಬಂತು. ಮನೆ ಸೇರುವ ತನಕ ಎದೆ ಮುಚ್ಚಿ ಹಿಡಿದುಕೊಂಡೇ ನಡೆದೆ. ಈ ಹಗ್ಗ ಹರಿದರೆ ಸೂಜಿ ದಾರ ಸಾಕು. ದುಬಾರಿ ಅನ್ನುವವರು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗಿ. ನನ್ನದೂ ಅಲ್ಲಿಂದಲೇ ತಂದಿದ್ದು.

ಒಳಗೆ ಜಿಪ್ ಇಟ್ಟು, ಮೇಲೆ ಸುಮ್ನೆ ನಾಲ್ಕು ಮರದ ತುಂಡು ಹೊಲಿದು ಮಾರುತ್ತಾರಲ್ಲ, ಶೋಕಿ ಅಂದರೆ ಅದು. ಬೈಯುವುದಿದ್ದರೆ ಅದನ್ನು ಬೈಯಿರಿ. ಈ ಗುಂಡಿ ಶೋಕಿಗಲ್ಲ. ಅಲ್ಲ ಅಂದರೆ ಅಲ್ಲ!

ಮುಂದಿನ ವಾರ ಪೀ ಕೋಟ್ ಬಗ್ಗೆ ಮಾತಾಡುತ್ತೇನೆ, ಸಬ್‌ಸ್ಕ್ರೈಬ್ ಆಗಿರಿ. ಕಾಮೆಂಟ್ ಹಾಕಿದ ತಮ್ಮಾ, ಉಣ್ಣೆ ಗ್ಲೌಸ್ ಹಾಕಿಕೊಂಡು ನಿನ್ನ ಜಿಪ್‌ನ ಎರಡು ತುದಿ ಕೂಡಿಸಿ ವಿಡಿಯೋ ಕಳಿಸಪ್ಪ. ಕಾಯುತ್ತಿರುತ್ತೇನೆ.