ಚಿನ್ನ ಬಿಡಿ, ಮರ ನೋಡಿ

ಕೇಳುಗರೇ, ನಮಸ್ಕಾರ. ಯುರೋಪಿನ ಹಳೇ ಚರ್ಚುಗಳ ಫೋಟೋ ನೋಡಿರುತ್ತೀರಿ. ಬಲಿಪೀಠದ ಹಿಂದೆ ದೊಡ್ಡ ಮರದ ಮಂಟಪ, ಅದರ ತುಂಬ ಮಿರಿಮಿರಿ ಮಿಂಚುವ ಗೊಂಬೆಗಳು. ನೋಡಿದವರೆಲ್ಲ 'ಅಬ್ಬಾ, ಎಷ್ಟು ಚಿನ್ನ!' ಅಂತಾರೆ. ನಾನು ಕೇಳೋದು ಒಂದೇ: ಚಿನ್ನ ಬಿಡಿ, ಮರ ನೋಡಿ.

500 ವರ್ಷಗಳ ಹಿಂದೆ ಇಂದಿನ ಬೆಲ್ಜಿಯಂನ ಬ್ರಸೆಲ್ಸ್, ಆಂಟ್ವರ್ಪ್ ಊರುಗಳು ಈ ಕೆಲಸಕ್ಕೆ ಹೆಸರುವಾಸಿ. ಬಾಲ್ಟಿಕ್ ಸಮುದ್ರದ ಕಡೆಯಿಂದ ಹಡಗಿನಲ್ಲಿ ಓಕ್ ಮರ ಬರುತ್ತಿತ್ತು. ಗೊಂಬೆ ಕೂರಿಸುವ ಮಂಟಪದ ಪೆಟ್ಟಿಗೆ ಮಾಡುವವನು ಒಬ್ಬ, ಕೆತ್ತುವವನು ಇನ್ನೊಬ್ಬ, ಬಣ್ಣ ಬಳಿಯುವವನು ಮತ್ತೊಬ್ಬ. ಕಸುಬುದಾರರ ಸಂಘ ಮರವನ್ನು ಪರೀಕ್ಷಿಸಿ ಗುರುತು ಒತ್ತುತ್ತಿತ್ತು. ಆಂಟ್ವರ್ಪಿನದಕ್ಕೆ ಅಂಗೈ, ಬ್ರಸೆಲ್ಸಿನ ಕೆತ್ತನೆಗೆ ಕೊಡತಿ. ನಮ್ಮ ಒಡವೆಗೆ ಹಾಲ್‌ಮಾರ್ಕ್ ಇದ್ದ ಹಾಗೆ. ಅಂದರೆ ಅವರೂ ಮೊದಲು ನೋಡಿದ್ದು ಮರವನ್ನೇ!

ಈಗ ನನಗೆ ತುಂಬ ಇಷ್ಟವಾದ ಕಥೆ ಹೇಳುತ್ತೇನೆ. 1493ರಲ್ಲಿ ಬ್ರಸೆಲ್ಸಿನ ಯಾನ್ ಬೋರ್ಮನ್ ನಂಬಿಕೆಗಾಗಿ ಪ್ರಾಣ ಕೊಟ್ಟ ಕ್ರೈಸ್ತ ಸಂತ ಜಾರ್ಜನ ಮಂಟಪ ಕೆತ್ತಿದ. ಲ್ಯೂವೆನ್ ಊರಿನ ಅಡ್ಡಬಿಲ್ಲುಗಾರರ ಸಂಘ ಮಾಡಿಸಿದ್ದು. ಅಗಲ ಸುಮಾರು 5 ಮೀಟರ್. ಜಾರ್ಜನಿಗೆ ಕೊಟ್ಟ ಚಿತ್ರಹಿಂಸೆಯ 7 ದೃಶ್ಯಗಳು. ಬಣ್ಣವಿಲ್ಲ, ಚಿನ್ನವಿಲ್ಲ, ಬರೀ ಓಕ್. ಹಿಂಸೆ ಕೊಡುವವರ ಬಟ್ಟೆಯ ನೆರಿಗೆ, ಬೂಟು, ಟೋಪಿ ಎಲ್ಲ ಉಳಿಯಲ್ಲೇ ಮೂಡಿವೆ. ಆದರೆ ದೃಶ್ಯಗಳ ಸಾಲು ಮಾತ್ರ ಕಥೆಗೆ ಹೊಂದುತ್ತಿರಲಿಲ್ಲ. ಪಂಡಿತರು ಎಷ್ಟೋ ಕಾಲ ತಲೆ ಕೆಡಿಸಿಕೊಂಡರು. ಕೆಲವು ವರ್ಷಗಳ ಹಿಂದೆ ದುರಸ್ತಿಗೆಂದು ಮಂಟಪ ಬಿಚ್ಚಿದಾಗ ಗುಟ್ಟು ಹೊರಬಿತ್ತು. 19ನೇ ಶತಮಾನದ ದುರಸ್ತಿಯಲ್ಲಿ ದೃಶ್ಯಗಳು ಅದಲುಬದಲಾಗಿದ್ದವು! ಹೇಗೆ ಗೊತ್ತಾಯ್ತು ಅಂತೀರಾ? ಗೊಂಬೆಗಳನ್ನು ಕೂರಿಸಿದ್ದ ಮರದ ಮೊಳೆಗಳ ಹಳೇ ತೂತುಗಳಿಂದ. ಯಾವ ಗುಂಪಿನ ತೂತು ಎಲ್ಲಿಯದಕ್ಕೆ ಕೂಡುತ್ತದೋ ಅಲ್ಲೇ ಅದರ ಜಾಗ. ಈಗ ಎಲ್ಲ ಮೊದಲಿನ ಸಾಲಿಗೆ ಬಂದಿವೆ. ಬ್ರಸೆಲ್ಸಿನ ಸಿಂಕಾಂತನೇರ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಪುಸ್ತಕ ಹೇಳದ್ದನ್ನು ಮರ ಹೇಳಿತು, ಅಲ್ವಾ?

ಸಮಯ ಆಗ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಚಿನ್ನ ಹಚ್ಚುವ ಮುಂಚೆ ಸೀಮೆಸುಣ್ಣ, ಅಂಟು ಕಲಸಿ ಪದರ ಪದರವಾಗಿ ಬಳಿಯುತ್ತಿದ್ದರು. ಮೇಲೆ ಕೆಂಪು ಜೇಡಿ, ಆಮೇಲೆ ಚಿನ್ನದ ರೇಕು. ಆಂಟ್ವರ್ಪಿನಲ್ಲಿ ಸಿದ್ಧ ಮಂಟಪಗಳನ್ನು ಮಾರುಕಟ್ಟೆಯಲ್ಲೇ ಮಾರುತ್ತಿದ್ದರು. ಸ್ವೀಡನ್, ಜರ್ಮನಿಗೂ ಹೋದವು. ಜರ್ಮನಿಯ ಡಾರ್ಟ್‌ಮುಂಡ್‌ನ ಸಂತ ಪೇತ್ರರ ಚರ್ಚಿನಲ್ಲಿರುವುದು 1521ರದ್ದು. ಅದರಲ್ಲಿ 633 ಗೊಂಬೆಗಳು, ಮೈತುಂಬ ಚಿನ್ನ. ಅಲ್ಲಿಗೆ ಹೋದವರು ಗೊಂಬೆ ಎಣಿಸುತ್ತಾ ನಿಲ್ಲುತ್ತಾರೆ. ನೀವು ಹೋದರೆ ದಯವಿಟ್ಟು ಒಂದೇ ಒಂದು ಗೊಂಬೆಯ ಮುಂದೆ ನಿಂತು, ನಿಲುವಂಗಿಯ ನೆರಿಗೆ ಎಷ್ಟು ಆಳ ಇಳಿದಿದೆ ನೋಡಿ. ನಮಸ್ಕಾರ.