ಪೆನ್‌ಡ್ರೈವ್ ಜೇಬಲ್ಲಿಟ್ಕೊಂಡು ಅಂಗಡಿಗೆ ಹೋಗ್ರಿ: ಕಡಿಮೆ ರೇಟಿನ ಮೀಡಿಯಾ ಪ್ಲೇಯರ್ ಆರಿಸೋದು

ಎಲ್ಲರಿಗೂ ನಮಸ್ಕಾರ. ಮೀಡಿಯಾ ಪ್ಲೇಯರ್ ಅಂದ್ರೆ ಪೆನ್‌ಡ್ರೈವ್‌ನಲ್ಲಿರೋ ವಿಡಿಯೊನ ಟಿವಿಲಿ ತೋರಿಸೋ ಸಣ್ಣ ಬಾಕ್ಸ್. ದಾವಣಗೆರೆ ಮಂಡಿಪೇಟೆ ಕಡೆ ಅದನ್ನ ಹುಡುಕ್ಕೊಂಡು ಹೊರಡೋ ಮುಂಚೆ ಮನೆ ಟಿವಿನ ಗೋಡೆಯಿಂದ ಸ್ವಲ್ಪ ಈಚೆ ಎಳೆದು ಹಿಂದೆ ನೋಡ್ರಿ. ಕೆಂಪು, ಬಿಳಿ, ಹಳದಿ ಎವಿ ಪಿನ್ ಅಷ್ಟೇ ಇದ್ರೆ ಎಂಥಾ ಬಾಕ್ಸ್ ತಂದ್ರೂ ಎಚ್‌ಡಿ ಬರಲ್ಲ. ಆ ಹಳದಿ ವೈರಲ್ಲಿ ಹೋಗೋದು ಹೆಚ್ಚಂದ್ರೆ 576 ಗೆರೆ. ಎಚ್‌ಡಿಎಂಐ ಇರಬೇಕು. ಯುಎಸ್‌ಬಿ ಪೋರ್ಟೂ ಇದ್ರೆ ನಿಮ್ಮ ಫೈಲನ್ನ ಮೊದಲು ಅಲ್ಲೇ ಹಾಕಿ ನೋಡ್ರಿ. ಓಡಿದ್ರೆ ದುಡ್ಡು ಉಳೀತು.

32 ಇಂಚಿನ ‘ಎಚ್‌ಡಿ ರೆಡಿ’ ಟಿವಿಗಳ ಪರದೆ ಬಹುತೇಕ 1366×768. ನಿಮ್ಮ ಹತ್ರ 4ಕೆ ಫೈಲೂ ಇಲ್ಲ ಅಂದ್ಮೇಲೆ ಅದಕ್ಕೆ 4ಕೆ ಬಾಕ್ಸ್ ತರೋದು ಸೈಕಲ್ಲಿಗೆ ಲಾರಿ ಹಾರ್ನ್ ಕಟ್ಟಿದಂಗೆ.

ಡಬ್ಬದ ಮೇಲೆ ಬರೆದಿರೋದನ್ನ ಮಾತ್ರ ನಂಬಬೇಡ್ರಿ. ಹೆಸರಿಲ್ಲದ ಬಾಕ್ಸ್‌ಗಳಲ್ಲಿ 4 ಜಿಬಿ ರ‍್ಯಾಮ್ ಅಂತ ಬರೆದು ಒಳಗೆ 1 ಜಿಬಿ ಇಟ್ಟಿರೋದು ಉಂಟು. 8ಕೆ ಅಂತ ಅಚ್ಚು ಹಾಕೋಕೆ ಇಂಕಿನ ಖರ್ಚಷ್ಟೇ. ಅದಕ್ಕೇ ಈ ಪೆನ್‌ಡ್ರೈವ್: ನಿಮ್ಮ ಫೈಲು ತುಂಬ್ಕೊಂಡು ಹೋಗಿ ಅಂಗಡೀಲೇ ಓಡಿಸಿ ನೋಡೋಕೆ. 32 ಜಿಬಿ ಸಾಕು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡ್ರಿ, ಯಾಕಂದ್ರೆ ಫ್ಯಾಟ್32 ಒಂದೇ ಫೈಲು 4 ಜಿಬಿ ದಾಟಿದ್ರೆ ತಗೊಳ್ಳಲ್ಲ. 25 ಎಂಬಿಪಿಎಸ್‌ನಲ್ಲಿ ತೆಗೆದ ಮದುವೆ ವಿಡಿಯೊ ಒಂದು ಗಂಟೆಗೇ ಸುಮಾರು 11 ಜಿಬಿ ಆಗುತ್ತೆ. ಕೆಲವು ಅಗ್ಗದ ಬಾಕ್ಸ್‌ಗೆ ಎಕ್ಸ್‌ಫ್ಯಾಟ್ ಓದೋಕೇ ಬರಲ್ಲ. ಅದೂ ಅಂಗಡೀಲೇ ಗೊತ್ತಾಗ್ಲಿ.

ವಿಡಿಯೊನ ಕುಗ್ಗಿಸಿಡೋ ವಿಧಾನ ಬೇರೆ ಬೇರೆ ಇರುತ್ತೆ. ಮದುವೆ ವಿಡಿಯೊ ಸಾಮಾನ್ಯವಾಗಿ ಎಚ್.264, ಹೆಚ್ಚುಕಮ್ಮಿ ಎಲ್ಲದರಲ್ಲೂ ಓಡುತ್ತೆ. ಅಸಲಿ ಪರೀಕ್ಷೆ ಇನ್ನೂ ಜಾಸ್ತಿ ಕುಗ್ಗಿಸೋ ಎಚ್.265, ಅದರಲ್ಲೂ ಬಣ್ಣದ ಛಾಯೆ ಹೆಚ್ಚಿರೋ 10 ಬಿಟ್ ಫೈಲು. ಮಾತು ಸರಾಗವಾಗಿ ಬರ್ತಾ ಚಿತ್ರ ಮಾತ್ರ ಕುಂಟ್ತಾ ಇದ್ರೆ, ಚಿಪ್ಪಲ್ಲಿ ಅದನ್ನ ಬಿಡಿಸೋ ಡಿಕೋಡರ್ ಇಲ್ಲ, ಪ್ರೊಸೆಸರ್ ಒದ್ದಾಡ್ತಿದೆ ಅಂತ ಅರ್ಥ ಮಾಡ್ಕೊಳ್ಳಿ. ಹತ್ತು ಸೆಕೆಂಡ್ ನೋಡಿ ತಲೆ ಆಡಿಸ್ಬೇಡಿ, ಹತ್ತು ನಿಮಿಷ ಓಡಿಸ್ರಿ, ಮಧ್ಯೆ ಮುಂದೆ-ಹಿಂದೆ ತಳ್ಳಿ. ಚಿತ್ರ ಚೆನ್ನಾಗಿದ್ದು ಸದ್ದೇ ಇಲ್ವಾ? ಆಡಿಯೊ ಡಿಟಿಎಸ್ ಅನ್ನೋ ಬಗೆಯದ್ದಿರಬಹುದು, ಅಗ್ಗದ ಬಾಕ್ಸ್‌ಗೆ ಹೆಚ್ಚಾಗಿ ಅದರ ಲೈಸೆನ್ಸ್ ಇರಲ್ಲ. ವಿಎಲ್‌ಸಿ ಅನ್ನೋ ಪ್ಲೇಯರ್ ಆಪ್ ಹಾಕಿ ಅದರಲ್ಲಿ ತೆಗೆದ್ರೆ ಹೆಚ್ಚಾಗಿ ಸರಿಹೋಗುತ್ತೆ.

ಈಗ ಪರದೆ ಹತ್ರದಿಂದ ನೋಡ್ರಿ. ಕನ್ನಡ ಸಬ್‌ಟೈಟಲ್ ಹಾಕಿದೀವಿ. ‘ಚಿತ್ರದುರ್ಗ’ ಅಂತ ಇರಬೇಕಾದದ್ದು ‘ಚಿತ್‌ರದುರ್‌ಗ’ ಅಂತ ಕಾಣ್ತಿದೆ. ಫೈಲು ಸರಿಯಾಗೇ ಇದೆ, ಒತ್ತಕ್ಷರ ಜೋಡಿಸೋದು ಈ ಪ್ಲೇಯರ್‌ಗೆ ಬರ್ತಿಲ್ಲ. ಬೇರೆ ಪ್ಲೇಯರ್ ಆಪ್ ಹಾಕಿ ನೋಡ್ಬೇಕು. ಅಕ್ಷರದ ಜಾಗದಲ್ಲಿ ಚೌಕ ಬಂದ್ರೆ ಕನ್ನಡ ಫಾಂಟ್ ಇಲ್ಲ. ಪ್ರಶ್ನಾರ್ಥಕ ಚಿಹ್ನೆ ಬಂದ್ರೆ ತಪ್ಪು ಫೈಲಿನದ್ದು: ನೋಟ್‌ಪ್ಯಾಡ್‌ನಲ್ಲಿ ಮೂಲ ಫೈಲು ತೆರೆದು, ‘ಸೇವ್ ಆ್ಯಸ್’ ಕೊಟ್ಟು, ಎನ್‌ಕೋಡಿಂಗ್ ಯುಟಿಎಫ್-8 ಮಾಡ್ರಿ. ಸಬ್‌ಟೈಟಲ್ ಫೈಲಿನ ಹೆಸರು ವಿಡಿಯೊದ ಹೆಸರೇ ಆಗಿರಲಿ.

ನೆಟ್‌ಫ್ಲಿಕ್ಸ್ ಬೇಕು ಅನ್ನೋರು ವೈಡ್‌ವೈನ್ (ಕಾಪಿ ತಡೆಯೋ ಬೀಗ) ಎಲ್1 ಮಟ್ಟದ್ದು ಇದೆಯಾ ಕೇಳ್ರಿ. ಎಲ್3 ಇದ್ರೆ 480ಪಿ ಅಷ್ಟೇ, ಪರದೆ ಎಷ್ಟೇ ದೊಡ್ಡದಿರಲಿ.

ಇನ್ನೊಂದು, ಬಹಳ ಜನ ಬಾಕ್ಸ್ ಕೆಟ್ಟಿದೆ ಅಂತ ವಾಪಸ್ ಕೊಡೋದು ಇದಕ್ಕೇ: ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಚಿತ್ರ ತಡವರಿಸುತ್ತೆ. ನಮ್ಮಲ್ಲಿ ಮದುವೆ ವಿಡಿಯೊ ಹೆಚ್ಚಾಗಿ ಸೆಕೆಂಡಿಗೆ 25 ಇಲ್ಲಾ 50 ಫ್ರೇಮು. ಬಾಕ್ಸ್ ಕಳಿಸ್ತಿರೋದು 60 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 60 ಸಲ. 25ನ್ನ 60ಕ್ಕೆ ಸಮನಾಗಿ ಹಂಚೋಕಾಗಲ್ಲ, ಕೆಲವು ಫ್ರೇಮು ಎರಡು ಸಲ, ಕೆಲವು ಮೂರು ಸಲ ನಿಲ್ಲುತ್ತೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1080ಪಿ 50 ಹರ್ಟ್ಸ್ ಮಾಡಿದ್ರೆ ನೀಟಾಗುತ್ತೆ. ಕೋಡಿ ಅನ್ನೋ ಪ್ಲೇಯರ್ ಆಪ್‌ನಲ್ಲಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಆನ್ ಮಾಡಿದ್ರೆ, ಬಾಕ್ಸ್ ಒಪ್ಪಿದ್ರೆ, ತಾನೇ ಬದಲಿಸುತ್ತೆ.

ವಿಡಿಯೊ ನೋಡೋಕೆ ಯುಎಸ್‌ಬಿ 3.0 ಬೇಕಿಲ್ಲ, 2.0 ಧಾರಾಳ ಸಾಕು. ಪೆನ್‌ಡ್ರೈವ್ ಬದಲು ಹಾರ್ಡ್‌ಡಿಸ್ಕ್ ಹಾಕಿದ್ರೆ ತೊಂದರೆ ಕೊಡೋದು ಕರೆಂಟು. ಯುಎಸ್‌ಬಿ 2.0 ಪೋರ್ಟ್ ಕೊಡೋ ಲೆಕ್ಕ 500 ಮಿಲಿ ಆಂಪ್, ಹಾರ್ಡ್‌ಡಿಸ್ಕ್ ತಿರುಗೋಕೆ ಶುರುವಾದಾಗ ಅದಕ್ಕಿಂತ ಜಾಸ್ತಿ ಎಳೆಯುತ್ತೆ. ಕಿವಿ ಕೊಡ್ರಿ… ಟಿಕ್, ಟಿಕ್. ತಿರುಗೋ ಶಕ್ತಿ ಸಾಲದೆ ಹಿಂಗೆ ಸದ್ದು ಬರುತ್ತೆ. ಅಡಾಪ್ಟರ್ ಇರೋ ಯುಎಸ್‌ಬಿ ಹಬ್ ಮಧ್ಯೆ ಹಾಕ್ರಿ, ಆಮೇಲೂ ಬಂದ್ರೆ ಡಿಸ್ಕೇ ಹೋಗಿರಬಹುದು. ನೋಡ್ತಾ ಇದ್ದಂಗೆ ಬೆಸ್ಕಾಂ ಕರೆಂಟ್ ಹೋಯ್ತು ಅಂದ್ಕೊಳ್ಳಿ, ಮುಂದಿನ ಸಲ ಫೋಲ್ಡರ್ ಖಾಲಿ ಕಾಣಬಹುದು. ಗಾಬರಿಯಾಗಿ ಫಾರ್ಮ್ಯಾಟ್ ಒತ್ತಬೇಡ್ರಿ. ಕಂಪ್ಯೂಟರ್‌ಗೆ ಹಾಕಿ ಎರರ್ ಚೆಕಿಂಗ್ ಓಡಿಸ್ರಿ.

ಬಾಕ್ಸನ್ನ ಟಿವಿ ಬೆನ್ನಿಗೆ ಟೇಪ್ ಹಾಕಿ ಅಂಟಿಸೋರಿದ್ದಾರೆ. ಏಪ್ರಿಲ್ ಸೆಕೆಗೆ, ಟಿವಿ ಬಿಸಿಗೆ ಚಿಪ್ಪು ಕಾದು ತಾನೇ ವೇಗ ಇಳಿಸ್ಕೊಳ್ಳುತ್ತೆ. ಅರ್ಧ ಸಿನಿಮಾ ಆದ್ಮೇಲೆ ಕುಂಟೋಕೆ ಶುರು. ಸ್ಟ್ಯಾಂಡ್ ಮೇಲೆ, ತಳಕ್ಕೆ ಗಾಳಿ ಆಡೋ ಹಂಗೆ ನಾಲ್ಕು ಬಾಟಲಿ ಮುಚ್ಚಳ ಇಟ್ಟು ಕೂರಿಸಿ.