ಫೇರ್‌ವೆಲ್: ಯಾರು ಯಾರಿಗೆ ಹೇಳುವ ಮಾತು?

ಎಲ್ಲರಿಗೂ ನಮಸ್ಕಾರ.

ಮೇ ತಿಂಗಳ ಕೊನೆ ಬಂತೆಂದರೆ ನಮ್ಮ ಶಾಲೆ, ಕಚೇರಿಗಳಲ್ಲಿ ಶಾಲು, ಹಾರ, ಮೈಸೂರು ಪೇಟಗಳಿಗೆ ಬಿಡುವೇ ಇಲ್ಲ. ಕಾರಣ ನಿಮಗೆ ಗೊತ್ತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1ರ ಹುಟ್ಟುದಿನವೇ 60 ವರ್ಷ ಕಳೆದ ಮೇಲೆ ಮೇ 31ರ ನಿವೃತ್ತಿಯಾಗಿ ಬರುತ್ತದೆ. ವೇದಿಕೆಯ ಹಿಂದೆ ಒಂದು ಬ್ಯಾನರ್, ಅದರ ಮೇಲೆ ದಪ್ಪಕ್ಷರದಲ್ಲಿ ಒಂದು ಇಂಗ್ಲಿಷ್ ಪದ. ‘ಫೇರ್‌ವೆಲ್’. ಇವತ್ತು ಆ ಒಂದೇ ಪದದ ಮಾತು.

ಮೊದಲು ಕಾಗುಣಿತ ಮುಗಿಸಿಬಿಡೋಣ. ಕನ್ನಡದಲ್ಲಿ ‘ಫೇರ್’ ಎಂದು ಬರೆದಾಗ ಎರಡು ಬೇರೆ ಬೇರೆ ಪದಗಳು ಒಂದೇ ವೇಷ ಹಾಕುತ್ತವೆ. ಎಫ್, ಎ, ಐ, ಆರ್ ಎಂದರೆ ನ್ಯಾಯವಾದದ್ದು, ಬೆಳ್ಳಗಿನದು, ಜಾತ್ರೆ. ಎಫ್, ಎ, ಆರ್, ಇ ಎಂದರೆ ಪ್ರಯಾಣ. ಬ್ಯಾನರ್ ಮೇಲೆ ಮೊದಲನೆಯದು ಬಂದುಬಿಟ್ಟರೆ ಅರ್ಥವೇ ಹೋಯಿತು. ಅಚ್ಚಿಗೆ ಕೊಡುವ ಮುಂಚೆ ಕೊನೆಯ ‘ಇ’ ಇದೆಯೇ, ಪದ ಒಡೆಯದೆ ಒಂದಾಗಿ ನಿಂತಿದೆಯೇ ನೋಡಿ. ನಡುವೆ ಜಾಗ ಬಿಟ್ಟರೆ ಅದು ‘ಚೆನ್ನಾಗಿ ಮಾಡು, ಚೆನ್ನಾಗಿ ನಡೆ’ ಎಂಬ ಬರಿಯ ಕ್ರಿಯಾಪದವಾಗುತ್ತದೆ. ಪರೀಕ್ಷೆಯಲ್ಲಿ ಹುಡುಗ ‘ಫೇರ್ಡ್ ವೆಲ್’ ಅನ್ನುತ್ತೇವಲ್ಲ, ಅದು.

ಈ ಪ್ರಯಾಣದ ‘ಫೇರ್’ ನಮಗೆ ಅಪರಿಚಿತವೇನಲ್ಲ. ಕಂಡಕ್ಟರಿಗೆ ಕೊಡುವ ಬಸ್ ಫೇರ್ ಇದೇ ಬೇರಿನದು. ಹಳೆಯ ಇಂಗ್ಲಿಷಿನಲ್ಲಿ ‘ಫರನ್’ ಎಂದರೆ ಹೋಗು, ಪಯಣಿಸು. ಜರ್ಮನರ ‘ಫಾರೆನ್’ ಅದರ ದಾಯಾದಿ. ಸಮುದ್ರಯಾನಿ ‘ಸೀಫೇರರ್’. ವೆಲ್‌ಫೇರ್ ಕೂಡ ಇವೇ ಎರಡು ತುಂಡುಗಳನ್ನು ಹಿಂದುಮುಂದು ಮಾಡಿ ಆದ ಪದ. ಹಾಗಾಗಿ ಫೇರ್‌ವೆಲ್ ಎಂದರೆ ‘ಸುಖವಾಗಿ ಪಯಣಿಸು’. ಅದೊಂದು ವಿಧಿರೂಪದ ಕ್ರಿಯಾಪದ, ಹಾರೈಕೆ. ಹಳೆಯ ‘ಫೇರ್ ದೀ ವೆಲ್’ ನೋಡಿ: ನಡುವೆ ‘ನೀನು’ ಬಂದು ಕುಳಿತಿದೆ. ಕ್ರಿಯಾಪದವಾಗಿದ್ದುದರಿಂದಲೇ ಅದಕ್ಕೆ ಅಲ್ಲಿ ಜಾಗ ಸಿಕ್ಕಿತು.

ಈಗ ನನ್ನ ಮುಖ್ಯ ವಾದ. ಪಯಣಿಸು ಎಂದು ಯಾರಿಗೆ ಹೇಳುತ್ತೀರಿ? ಹೊರಟವರಿಗೆ. ಹೇಳುವವರು ಯಾರು? ಬಾಗಿಲಲ್ಲಿ ನಿಂತವರು. ಮೂಲದಲ್ಲಿ ಇದು ನಿಂತವರು ಹೊರಟವರಿಗೆ ಹೇಳುವ ಮಾತು. ಇಬ್ಬರೂ ಪರಸ್ಪರ ಹೇಳಿಕೊಳ್ಳುವುದು ಆಮೇಲೆ ಬಂದ ರೂಢಿ.

ಕನ್ನಡ ಬಲ್ಲವರಿಗೆ ಇದು ಬೇಗ ಹಿಡಿಯಬೇಕು. ನಮ್ಮಲ್ಲಿ ಬೀಳ್ಕೊಳ್ಳುವುದು ಬೇರೆ, ಬೀಳ್ಕೊಡುವುದು ಬೇರೆ. ಹೊರಟವರು ಬೀಳ್ಕೊಳ್ಳುತ್ತಾರೆ, ಅಂದರೆ ಅಪ್ಪಣೆ ಪಡೆಯುತ್ತಾರೆ, ಉಳಿದವರು ಬೀಳ್ಕೊಡುತ್ತಾರೆ. ‘ನಿವೃತ್ತರು ನಮ್ಮನ್ನು ಬೀಳ್ಕೊಟ್ಟು ಊರಿಗೆ ಹೋದರು’ ಎಂದು ವರದಿ ಬರೆದರೆ ತಪ್ಪು. ಅವರು ಬೀಳ್ಕೊಂಡರು, ನಾವು ಬೀಳ್ಕೊಟ್ಟೆವು. ಇಂಥ ಸೂಕ್ಷ್ಮವನ್ನು ಕ್ರಿಯಾಪದದಲ್ಲೇ ಇಟ್ಟುಕೊಂಡ ಭಾಷೆ ನಮ್ಮದು, ಅದನ್ನು ಕಳೆದುಕೊಳ್ಳಬಾರದು.

ಇದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಫೇರ್‌ವೆಲ್ ಅಡ್ರೆಸ್. ಭಾಷಣ ಅಂದುಕೊಳ್ಳುತ್ತೇವೆ. ಆತ ಅದನ್ನು ಯಾವ ವೇದಿಕೆಯಲ್ಲೂ ಮಾತಾಡಲೇ ಇಲ್ಲ! 1792ರಲ್ಲೇ ನಿವೃತ್ತಿಯ ಯೋಚನೆಯಿತ್ತು; ಜೇಮ್ಸ್ ಮ್ಯಾಡಿಸನ್‌ನಿಂದ ಒಂದು ಕರಡು ಬರೆಸಿದ. ಆದರೆ ಎರಡನೆಯ ಅವಧಿಗೂ ಮುಂದುವರಿಯಬೇಕಾಯಿತು, ಕರಡು ಹಾಗೇ ಉಳಿಯಿತು. ನಾಲ್ಕು ವರ್ಷ ಕಳೆದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅದನ್ನು ತಿದ್ದಿ ಬೆಳೆಸಿದ. 1796ರ ಸೆಪ್ಟೆಂಬರ್ 19ರಂದು ಫಿಲಡೆಲ್ಫಿಯಾದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿ ತಲೆಬರಹ ಏನು? ಅಮೆರಿಕ ಸಂಯುಕ್ತ ಸಂಸ್ಥಾನದ ಜನತೆಗೆ, ಅಷ್ಟೇ. ‘ಫೇರ್‌ವೆಲ್’ ಎಂಬ ಹೆಸರಿಟ್ಟವರು ಓದಿದ ಜನ. ಇಂದಿಗೂ ವರ್ಷಕ್ಕೊಮ್ಮೆ, ಆತನ ಹುಟ್ಟುಹಬ್ಬದ ಆಸುಪಾಸಿನಲ್ಲಿ, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಒಬ್ಬ ಸದಸ್ಯ ಅದನ್ನು ಪೂರ್ತಿ ಓದುತ್ತಾರೆ. ಹೊರಟವನು ಸುಮ್ಮನೆ ಬರೆದಿಟ್ಟು ಹೋದ; ಫೇರ್‌ವೆಲ್ ಎಂದವರು ನಿಂತವರೇ.

ಎದುರು ಸಾಕ್ಷಿಯೂ ಇದೆ, ಮುಚ್ಚಿಡುವುದಿಲ್ಲ. 1770ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ನ್ಯೂಜಿಲೆಂಡ್ ಬಿಟ್ಟು ಹೊರಟಾಗ ದಕ್ಷಿಣ ದ್ವೀಪದ ಉತ್ತರ ತುದಿಗೆ ಕೇಪ್ ಫೇರ್‌ವೆಲ್ ಎಂದು ಹೆಸರಿಟ್ಟ. ಹೊರಟವನು ಅವನು, ನಿಂತದ್ದು ನೆಲ. ಪದ ಆಗಲೇ ದಿಕ್ಕು ಬದಲಿಸಿತ್ತು.

ಬಳಕೆಗೆ ಬರೋಣ. ಫೇರ್‌ವೆಲ್ ಭಾರವಾದ ಪದ. ಪತ್ರಿಕೆಗಳು ಅಂತಿಮ ವಿದಾಯಕ್ಕೂ ಅದನ್ನೇ ಬಳಸುತ್ತವೆ. ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟ ಸಹೋದ್ಯೋಗಿಗೆ ಫೇರ್‌ವೆಲ್ ಅಂದರೆ ಅವರು ಗಾಬರಿಯಾದಾರು. ಅಲ್ಲಿ ‘ಬೈ’, ‘ಸೀ ಯು’ ಸಾಕು. ಎರಡು ವರ್ಷ ಓದಲು ಹೊರದೇಶಕ್ಕೆ ಹೊರಟ ಮಗಳಿಗೂ ಬೇಡ. ನಮ್ಮ ‘ಹೋಗಿ ಬಾ’ದಲ್ಲಿ ಮರಳುವ ಮಾತು ಸೇರಿದೆ, ಫೇರ್‌ವೆಲ್‌ನಲ್ಲಿ ಅದಿಲ್ಲ. ಹಾಗೆಂದು ‘ಐ ವಿಲ್ ಗೋ ಅಂಡ್ ಕಮ್’ ಎಂದು ಪರದೇಶದವರಿಗೆ ಹೇಳಿದರೆ ಈಗಲೇ ವಾಪಸು ಬರುತ್ತೀರೆಂದು ಪಾಪ, ಕಾಯುತ್ತಾ ಕೂರುತ್ತಾರೆ.

ವಾಕ್ಯದಲ್ಲಿ ಅದರ ಜೊತೆಗಾರ ಕ್ರಿಯಾಪದ ‘ಬಿಡ್’. ‘ಬಿಡ್ ಫೇರ್‌ವೆಲ್ ಟು’ ಎಂದು ಹೇಳಿ ವ್ಯಕ್ತಿಯ ಹೆಸರು, ‘ಟು’ ಬೇಕು. ಹೆಸರು ನಡುವೆ ಬಂದರೆ ‘ಟು’ ಬೇಡ. ಭೂತಕಾಲದ ರೂಪ ಬಿ, ಎ, ಡಿ, ಇ; ಅದನ್ನು ‘ಬೇಡ್’ ಎಂದು ಓದುವವರಿದ್ದಾರೆ, ‘ಬ್ಯಾಡ್’ ಎಂಬುದು ಹಳೆಯ ಉಚ್ಚಾರ. ‘ಬಿಡೆಡ್’ ಮಾತ್ರ ಇಲ್ಲವೇ ಇಲ್ಲ. ಸಮಾರಂಭ ಏರ್ಪಡಿಸಿದರೆ ‘ಫೇರ್‌ವೆಲ್ ಪಾರ್ಟಿ ಫಾರ್’. ಒತ್ತು ಕೂಡ ಬದಲಾಗುತ್ತದೆ: ಪಾರ್ಟಿಯ ಜೊತೆ ಬಂದಾಗ ‘ಫೇರ್’ ಮೇಲೆ, ಒಂಟಿಯಾಗಿ ಹಾರೈಸುವಾಗ ‘ವೆಲ್’ ಮೇಲೆ.

ಸಮಯವಾಯಿತು ಎಂದು ಚೀಟಿ ಬಂದಿದೆ. ಗುಡ್‌ಬೈ ಬಗ್ಗೆ ದೊಡ್ಡ ಭಾಗವೇ ಇತ್ತು, ಒಂದು ಮಾತು ಹೇಳಿಬಿಡುತ್ತೇನೆ: ‘ದೇವರು ನಿನ್ನ ಜೊತೆಗಿರಲಿ’ ಎಂಬ ವಾಕ್ಯ ಸವೆದು ಸವೆದು ಆದದ್ದು ಅದು, ‘ಗಾಡ್’ ಇದ್ದಲ್ಲಿಗೆ ಗುಡ್ ನೈಟ್, ಗುಡ್ ಡೇಗಳ ‘ಗುಡ್’ ಬಂದು ಸೇರಿತು. ಗುಡ್ ನೈಟ್ ಅಗಲುವಾಗ ಮಾತ್ರ. ರಾತ್ರಿ ಒಂಬತ್ತಕ್ಕೆ ಭೇಟಿಯಾದರೂ ಗುಡ್ ಈವ್ನಿಂಗೇ ಅನ್ನಬೇಕು. ಅಡಿಯೂ, ಚೀರಿಯೋ, ನಮ್ಮ ಮಕ್ಕಳ ಟಾಟಾ ಇವತ್ತು ಬಿಟ್ಟುಹೋದವು. ಈ ತಿಂಗಳ ಬ್ಯಾನರ್ ಬರೆಸುವ ಹೊಣೆ ಹೊತ್ತವರು ಸಭೆಯಲ್ಲಿದ್ದರೆ, ಇಂಗ್ಲಿಷಿನ ಕೆಳಗೆ ‘ಬೀಳ್ಕೊಡುಗೆ’ ಎಂದೂ ಬರೆಸಿ. ‘ಳ’ಕಾರದ ಕೆಳಗೆ ‘ಕ’ ಒತ್ತು, ಮರೆಯಬೇಡಿ.